ಚರಗ ಹೊತ್ತ ಕಾಲು

ಬಿಬವೇವಾಡಿ, ಪುಣೆ
೯ ಡಿಸೆಂಬರ್ ೨೦೦೬, ಶನಿವಾರ

ಚಿರಂಜೀವಿ ರಾಜಾನಿಗೆ ನಿನ್ನ ಅವ್ವ ತನ್ನ ಕೈಯಾರೆ ಬರೆದ ಪತ್ರ. ನೂರು ವರ್ಷ ಬಾಳು.

ಹೇಗಿದ್ದೀಯಪ್ಪಾ? ರಾಯಚೂರಿನ ಬಿಸಿಲು ಡಿಸೆಂಬರಿನಲ್ಲಾದರೂ ನಿನಗೆ ಸ್ವಲ್ಪ ಉಸಿರಾಡಲು ಬಿಟ್ಟಿದೆಯೋ ಇಲ್ಲವೋ? ಹತ್ತಿ ಗಿರಣಿಯ ಧೂಳಿಗೆ ಕೆಮ್ಮು ಹತ್ತಿದೆ ಅಂತ ದೀಪಾಲಿ ಫೋನಿನಲ್ಲಿ ಹೇಳಿದಳು. ನೀನು ಹೇಳಲಿಲ್ಲ. ನೀನು ಫೋನಿಗೆ ಬಂದರೆ ‘ಆರಾಮ ಇದ್ದೀನವ್ವಾ’ ಅಂದವನೇ ಬಿಸಿ ತವೆ ಮುಟ್ಟಿದವರ ಹಾಗೆ ಫೋನನ್ನು ಹೆಂಡತಿಯ ಕೈಗೆ ದಾಟಿಸುತ್ತೀ. ಅದಕ್ಕೇ ಪತ್ರ ಬರೆಯಲು ಕೂತಿದ್ದೇನೆ. ಪತ್ರವನ್ನು ಅರ್ಧಕ್ಕೆ ಯಾರ ಕೈಗೂ ದಾಟಿಸಲು ಬರುವುದಿಲ್ಲ, ಯಾಕೆಂದರೆ ಆ ಮರಾಠಿ ಹುಡುಗಿಗೆ ಕನ್ನಡ ಓದಲು ಬಾರದು. ರಾತ್ರಿ ಮೆಣಸಿನ ಕಷಾಯ ಮಾಡಿ ಕುಡಿ, ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೋ. ಬೆಲ್ಲದ ಮನೆಯ ಮಗ ಬೆಲ್ಲಕ್ಕೆ ಗತಿಯಿಲ್ಲದವನ ಹಾಗೆ ಕೆಮ್ಮುತ್ತ ಇರಬೇಡ. ಇನ್ನೊಂದು ಮಾತನ್ನೂ ದೀಪಾಲಿ ಹೇಳಿದ್ದಳು. ನನ್ನ ಪತ್ರ ಬಂದರೆ ನೀನು ಒಳಗೆ ಕೂಡ ಬರದೆ, ಹೊಸ್ತಿಲಲ್ಲೇ ನಿಂತು, ಕೊನೆಯ ಸಾಲಿನವರೆಗೂ ಓದಿಯೇ ತಲೆ ಎತ್ತುತ್ತೀಯಂತೆ. ಆಕೆ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಇಲ್ಲಿಯ ಸುದ್ದಿ. ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ, ಉಳಿದವರೆಲ್ಲ ಸ್ವಲ್ಪ ಸ್ವಲ್ಪ ಕೇಳುತ್ತಾರೆ. ಕನ್ನಡಕ ಬದಲಾಯಿಸಿದ್ದೇನೆ, ಅದಕ್ಕೇ ಈ ಸಲ ಅಕ್ಷರಗಳು ಇರುವೆ ಸಾಲಿನ ಹಾಗೆ ಓರೆಯಾಗದೆ ನೆಟ್ಟಗೆ ಬರುತ್ತಿವೆ. ನನ್ನ ದೊಡ್ಡ ಸೊಸೆಗೆ, ಅದೇ ನಿನ್ನ ವೈನಿಗೆ, ಮಂಡಳಿಯ ಭಜನೆ, ಹಪ್ಪಳ ಇದರಲ್ಲೇ ದಿನ ಹೋಗುತ್ತದೆ. ನಿಮ್ಮಣ್ಣನಿಗೆ ಸಕ್ಕರೆ ಕಾಯಿಲೆ ಬಂದಿದೆ. ಇಡೀ ದಿನ ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿ ಬೆಲ್ಲದ ರಾಶಿಯ ನಡುವೆ ಕೂತು ಸಂಜೆ ಮನೆಗೆ ಬಂದು ಸಪ್ಪೆ ಚಹಾ ಕುಡಿಯುತ್ತಾನೆ. ‘ನಿಮ್ಮಣ್ಣ’ ಅಂತ ಬರೆದ ಕೂಡಲೇ ನೀನು ಆ ಸಾಲನ್ನು ಹಾರಿಸಿ ಮುಂದೆ ಹೋಗುತ್ತೀ ಅಂತ ನನಗೆ ಗೊತ್ತು. ಹಿಂದಿನ ಪತ್ರಗಳಲ್ಲಿ ಹಾರಿಸಿದ್ದರೆ ಹಾರಿಸಿರು. ಈ ಪತ್ರದಲ್ಲಿ ಹಾರಿಸಬೇಡ, ನಿನ್ನ ಅವ್ವನ ಆಣೆ.

ರೇಣುವಿನ ವಿಷಯ ಬರೆಯಬೇಕು. ನಿಮ್ಮಣ್ಣನ ಮಗಳು ಅಂತ ಅಲ್ಲ, ನಿನ್ನ ಬೆನ್ನ ಮೇಲೆ ಕೂತು ಬಾರಾಮತಿಯ ಕಾಲುವೆ ನೋಡಿ ಬಂದ ಹುಡುಗಿ ಅಂತ. ಆಕೆ ಓದು ಮುಗಿಸಿ ಇಲ್ಲೇ ಪುಣೆಯಲ್ಲಿ ಕೋಳಿರೋಗ ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದು ನಿನಗೆ ತಿಳಿದಿದೆ. ಆ ಕೆಲಸಕ್ಕೆ ಸೇರುತ್ತೇನೆ ಅಂದಾಗ ನಿಮ್ಮಣ್ಣ ವಾರಗಟ್ಟಲೆ ಮಾತಾಡಿರಲಿಲ್ಲ. ನಮ್ಮ ಮನೆಯಲ್ಲಿ ಕೋಳಿ ಎಂಬ ಮಾತೇ ನಿಂತುಹೋಗಿತ್ತಲ್ಲ. ಈ ವರ್ಷದ ಮೊದಲಿಗೆ ನವಾಪುರದ ಕಡೆ ಹಕ್ಕಿಜ್ವರ ಬಂದು ಊರೆಲ್ಲ ಗದ್ದಲವಾದ ಮೇಲೆ ಇವರ ಪ್ರಯೋಗಾಲಯಕ್ಕೂ ಹೊಸ ಯಂತ್ರ ಬಂತಂತೆ, ಹಳೆಯ ಶೀತಪೆಟ್ಟಿಗೆಗಳನ್ನು ತೆಗೆದು ಒಳಗೆ ಏನೇನಿದೆ ಅಂತ ನೋಡಿದರಂತೆ. ಹಿಂದೆ ಸತ್ತ ಕೋಳಿಗಳ ಒಳಗಿಂದ ತೆಗೆದ ತುಣುಕುಗಳು, ಹಿಮಗಟ್ಟಿ, ವರ್ಷಗಳಿಂದ ಹಾಗೇ ಇದ್ದವು. ಅದರಲ್ಲಿ ನಮ್ಮ ಕಾಲದ ರೋಗದವೂ ಇದ್ದವು. ಆ ರೋಗದ ಹೆಸರು ಬರೆಯಲು ಇಂದಿಗೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ಗುಂಬೋರೋ. ಯಾವ ಜಿಲ್ಲೆಯಲ್ಲಿ ಯಾವ ವರ್ಷ ಎಂಥ ಗುಂಬೋರೋ ಬಂದಿತ್ತು, ಅದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಪತ್ತೆಹಚ್ಚುವುದೇ ರೇಣುವಿನ ಕೆಲಸ. ಒಂದು ದಿನ ಒಂದು ಸಣ್ಣ ನಳಿಗೆಯ ಮೇಲೆ ಆಕೆ ‘ಯವತ, ಹೊಳಬಸಪ್ಪ’ ಅಂತ ಅಜ್ಜನ ಹೆಸರು ನೋಡಿದಳು. ಪಕ್ಕದಲ್ಲೇ ‘ಬಾರಾಮತಿ, ಶಿವರಾಜ’ ಅಂತ ನಿನ್ನ ಹೆಸರಿನದು ಇನ್ನೊಂದು. ಹುಡುಗಿ ಯಾರಿಗೂ ಹೇಳದೆ ಎರಡನ್ನೂ ತನ್ನ ಕೆಲಸದಲ್ಲಿ ಸೇರಿಸಿಕೊಂಡಳು.

ರಾಜಾ, ನಿನಗೆ ಹಳೆಯದನ್ನು ಕೆದಕುವುದು ಬೇಡ ಅನಿಸುತ್ತದೆ. ನನಗೂ ಬೇಡವಾಗಿತ್ತು. ಆದರೆ ಹಳೆಯದನ್ನು ಹೇಳದೆ ಹೊಸದನ್ನು ಹೇಳಲು ಬರುವುದಿಲ್ಲ. ಮೊಟ್ಟೆ ಹೊಸ್ತಿಲು ದಾಟಿ ಒಳಗೆ ಬರದ ಮನೆ ನಮ್ಮದು, ಅಂಥವರು ಕೋಳಿ ಸಾಕಲು ಹೊರಟಾಗ ನಮ್ಮೂರು ಇಂಡಿಯ ನೆಂಟರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ‘ತಿನ್ನೂದಿಲ್ಲ, ಸಾಕತೀವಿ. ನಿಮಗೇನ ತ್ರಾಸ?’ ಅಂತ ನಿಮ್ಮಪ್ಪ ಎಲ್ಲರ ಬಾಯಿ ಮುಚ್ಚಿಸಿದರು. ಬೆಲ್ಲದ ಅಡತಿಯಲ್ಲಿ ಗುಮಾಸ್ತಿಕೆ ಮಾಡಿ ಕೊನೆಗೆ ಸ್ವಂತ ಅಂಗಡಿ ಹಾಕಿದ ಮನುಷ್ಯ, ಅವರಿಗೆ ಯಾರ ನಗುವೂ ತಾಗುತ್ತಿರಲಿಲ್ಲ. ಯವತದ ಹೊಲದಲ್ಲಿ ದೊಡ್ಡವನ ಶೆಡ್ ಎದ್ದಿತು. ನೀನು ಕೋಳಿ ಸಾಕಣೆಯ ತರಬೇತಿ ಮುಗಿಸಿ ಬಂದವನು ಅಣ್ಣನ ಕೈಕೆಳಗೆ ಇರಲೊಲ್ಲೆ ಅಂತ ಬಾರಾಮತಿಯ ಕಾಲುವೆ ಬದಿಗೆ ನಿನ್ನ ಶೆಡ್ ಹಾಕಿದೆ. ನಿಮ್ಮಪ್ಪನಿಗೆ ಒಳಗೊಳಗೇ ಎಷ್ಟು ಹೆಮ್ಮೆ! ನಿನ್ನೆದುರು ಹೇಳುತ್ತಿರಲಿಲ್ಲ ಅಷ್ಟೆ. ನಿನ್ನ ಶೆಡ್ಡಿನ ಬಾಗಿಲಲ್ಲಿ ಔಷಧದ ನೀರಿನ ತಗಡಿನ ತಾಟು ಇಟ್ಟಿದ್ದೆಯಲ್ಲ, ಅದರೊಳಗೆ ಕಾಲು ಅದ್ದದೆ ಯಾರೂ ಒಳಗೆ ಬರಬಾರದು ಅಂತ. ನಿಮ್ಮಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು, ‘ನಮ್ಮ ಸಣ್ಣಾವ ಕೋಳೀ ಮನ್ಯಾಗೂ ಮಡಿ ಹಚ್ಚ್ಯಾನ’ ಅಂತ. ಆ ನಗುವಿನಲ್ಲಿ ಎಷ್ಟು ಪ್ರೀತಿ ಇತ್ತು ಅಂತ ನಿನಗೆ ತಿಳಿಯಲಿಲ್ಲವೋ ಏನೋ.

ಆಮೇಲೆ ಆ ಎಳ್ಳ ಅಮಾವಾಸ್ಯೆ ಬಂತು. ಹೊಸ ಇಸವಿಯ ಮೊದಲ ದಿನವೇ ಬಿದ್ದಿತ್ತು ಆ ವರ್ಷ, ತೊಂಬತ್ತೈದರಲ್ಲಿ. ಅದಾಗಿ ಮೂರು ನಾಲ್ಕು ದಿನಕ್ಕೆ ನಿನ್ನ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು. ಸುಣ್ಣದ ನೀರಿನ ಹಾಗೆ ಬಿಳಿ ಭೇದಿ. ಬೆಳಿಗ್ಗೆ ಕಾಳು ತಿಂದ ಮರಿ ಸಂಜೆಗೆ ಇಲ್ಲ. ನಾನು ಬಂದು ನೋಡಿದಾಗ ನೀನೂ ನಿನ್ನ ಆಳು ಹುಸೇನಪ್ಪನೂ ಬುಟ್ಟಿ ಬುಟ್ಟಿ ಹೊತ್ತು ಹೂಳುತ್ತಿದ್ದಿರಿ. ನೀನು ಮುಖ ತಿರುಗಿಸಿಕೊಂಡೆ. ಅದೇ ತಿಂಗಳ ಕೊನೆಗೆ ನಿಮ್ಮಣ್ಣ ಯವತದಲ್ಲಿ ಇಳಿಸಿದ ಹೊಸ ಮರಿಗಳೂ ಹಾಗೇ ಹೋದವು, ಒಂದೂ ಉಳಿಯಲಿಲ್ಲ. ಮೊದಲು ನಿನ್ನಲ್ಲಿ ಸತ್ತವು, ಆಮೇಲೆ ಅವನಲ್ಲಿ ಸತ್ತವು. ಲೆಕ್ಕ ಸರಳ ಅಂತ ಎಲ್ಲರಿಗೂ ಕಂಡಿತು. ನೀನು ದೌಂಡದ ಕಡೆಯ ಹೊಸ ಹ್ಯಾಚರಿಯಿಂದ ಮರಿ ತಂದಿದ್ದೆ, ಆ ಹ್ಯಾಚರಿಯವರ ಮರಿ ಕೊಂಡ ಬೇರೆ ಕೆಲವರಲ್ಲೂ ರೋಗ ಬಿದ್ದಿತ್ತು. ನಿನ್ನ ಟೆಂಪೋ ಆಮೇಲೆ ಯವತಕ್ಕೆ ಕೋಳಿ ತಿನ್ನುವ ದಾಣಿ ತರಲು ಹೋಗಿತ್ತು. ನಮ್ಮ ಈ ಮನೆಯ ನಡುಮನೆಯಲ್ಲಿ ನಿಂತು ನಿಮ್ಮಣ್ಣ ಕೂಗಿದ ಮಾತು ಗೋಡೆಗೆ ಇನ್ನೂ ಮೆತ್ತಿಕೊಂಡಿದೆ ಅನಿಸುತ್ತದೆ ನನಗೆ. ‘ಅಗ್ಗದ ಮರಿ ತಂದ ನಿನ್ನ ಮನಿ ಸುಟ್ಟಿ, ನನ್ನ ಮನೀನೂ ಸುಟ್ಟಿ. ನೀ ನನ್ನ ತಮ್ಮಲ್ಲ.’ ನಿಮ್ಮಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಅವರು ಮಾತಾಡದೆ ಇದ್ದುದೇ ತೀರ್ಪಾಯಿತು. ನೀನು ಹೋದೆ.

ಈಗ ರೇಣು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ನೀನು ಕಲಿತವನು, ತಿದ್ದಿಕೋ. ಮೊನ್ನೆ ದಶಮಿಯ ದಿನ ಎಲ್ಲರೂ ಊಟಕ್ಕೆ ಕೂತಾಗ ಆಕೆ ದೊಡ್ಡದೊಂದು ಹಾಳೆ ತಂದು ಹಾಸಿದಳು. ಕೊಂಬೆ, ಕೊಂಬೆಗೆ ಟಿಸಿಲು, ಟಿಸಿಲಿಗೆ ಇನ್ನೂ ಸಣ್ಣ ಟಿಸಿಲು. ‘ಅಜ್ಜಿ, ರೋಗ ಒಂದ ಇದ್ರೂ ಅದರಾಗ ಮನೆತನ ಭಾಳ ಇರ್ತಾವ’ ಅಂದಳು. ಈ ರೋಗದ ಬೀಜ ಒಂದು ಕೋಳಿಯಿಂದ ಇನ್ನೊಂದಕ್ಕೆ ದಾಟುವಾಗ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದಂತೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬೀಳುತ್ತದೆ, ಆ ತಪ್ಪು ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೋಗುತ್ತದೆ. ಹಾಗಾಗಿ ನಾಸಿಕದ ಗುಂಬೋರೋ ಬೇರೆ, ಸಾತಾರದ್ದು ಬೇರೆ, ಕಣ್ಣಿಗೆ ಕಾಣುವ ರೋಗ ಒಂದೇ ಆದರೂ. ಇದರಲ್ಲಿ ತಿಳಿಯದೆ ಇರುವುದೇನಿದೆ? ನಿಮ್ಮ ಅಜ್ಜನ ಗಿಣಿಮೂಗು ನಿಮ್ಮಪ್ಪನಿಗೆ ಬಂತು, ನಿಮ್ಮಿಬ್ಬರಿಗೂ ಬಂತು, ಪಾಪ ರೇಣುವಿಗೂ ಬಂತು. ಮದುವೆ ಮನೆಯಲ್ಲಿ ಮೂಗು ನೋಡಿಯೇ ಇದು ಹೊಳಬಸಪ್ಪನವರ ಮನೆತನ ಅನ್ನುತ್ತಾರೆ. ನಾನು ಹಾಗೆ ಅಂದಾಗ ರೇಣು ‘ಹೌದ ನೋಡಜ್ಜಿ, ನಾನೂ ಮೂಗs ನೋಡತೀನಿ, ಯಂತ್ರದಾಗ ನೋಡತೀನಿ ಅಷ್ಟ’ ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹಾಳೆಯ ಮೇಲೆ ಬೆರಳಿಟ್ಟಳು.

ಒಂದು ಕೊಂಬೆಯಲ್ಲಿ ದೌಂಡದ ಹ್ಯಾಚರಿಯ ಮರಿ ಕೊಂಡವರ ರೋಗಗಳೆಲ್ಲ ಗುಂಪಾಗಿ ಕೂತಿದ್ದವು. ನಿನ್ನದು ಅಲ್ಲಿರಲಿಲ್ಲ, ರಾಜಾ. ಆ ಕೊಂಬೆಯಿಂದ ಬಹಳ ದೂರ, ಹಾಳೆಯ ಇನ್ನೊಂದು ತುದಿಗೆ, ಯವತ ಮತ್ತು ಬಾರಾಮತಿ ಒಂದೇ ಟಿಸಿಲಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಇದ್ದವು. ಒಂದು ತಪ್ಪಿನ ವ್ಯತ್ಯಾಸವೂ ಇಲ್ಲ ಅಂದಳು. ನಿಮ್ಮಣ್ಣ ಕೂಡಲೇ ‘ಮತ್ತ? ಅವನಿಂದ ನನಗ ಬಂತು, ನಾ ಅಂದಿದ್ದ ಅದನs ಅಲ್ಲ?’ ಅಂದ. ರೇಣು ತಲೆ ಅಲ್ಲಾಡಿಸಿದಳು. ಯವತದ ಆ ತುಣುಕು ನಿನ್ನ ಮರಿಗಳು ಸತ್ತ ಮೇಲೆ ತೆಗೆದದ್ದಲ್ಲ. ಎಳ್ಳ ಅಮಾವಾಸ್ಯೆಗೂ ಮೊದಲೇ ತೆಗೆದದ್ದು, ನಳಿಗೆಯ ಮೇಲೆ ತಾರೀಖು ಇತ್ತು. ಆಗ ನಿಮ್ಮಣ್ಣನಲ್ಲಿ ದೊಡ್ಡ ಕೋಳಿಗಳಿದ್ದವು, ಅವುಗಳಲ್ಲಿ ಕೆಲವು ಮಂಕಾಗಿ ಬೆರಳೆಣಿಕೆಯಷ್ಟು ಸತ್ತಿದ್ದವು. ಡಿಸೆಂಬರಿನ ಥಂಡಿಗೆ ಅಂತ ನಾವು ಬಿಟ್ಟೆವು. ಆ ಭಾಗದಲ್ಲಿ ಓಡಾಡುತ್ತಿದ್ದ ಡಾಕ್ಟರರು ಒಂದನ್ನು ಕೊಯ್ದು, ಬಾಲದ ಹತ್ತಿರದ ಸಣ್ಣ ಚೀಲದಂಥ ಗ್ರಂಥಿ ಊದಿದೆ ಅಂತ ತೆಗೆದು ಪುಣೆಗೆ ಕಳಿಸಿದ್ದರು. ಆಗಿನ ಯಂತ್ರಗಳಲ್ಲಿ ಏನೂ ಹೊರಡಲಿಲ್ಲ, ಆ ತುಣುಕು ಶೀತಪೆಟ್ಟಿಗೆ ಸೇರಿತು. ದೊಡ್ಡ ಕೋಳಿಗೆ ಈ ರೋಗ ಅಷ್ಟಾಗಿ ತಾಗುವುದಿಲ್ಲವಂತೆ, ಮೂರು ನಾಲ್ಕು ವಾರದ ಮರಿಗಾದರೆ ಯಮನೇ. ಅವನ ಶೆಡ್ಡಿನಲ್ಲಿ ರೋಗ ಸುಮ್ಮನೆ ನೆಲಕ್ಕೆ ಹಾಸಿದ ಹೊಟ್ಟಿನಲ್ಲಿ ಕೂತಿತ್ತು. ಅಲ್ಲಿಂದ ನಿನ್ನ ಮರಿಗಳಿಗೆ ಹೋಯಿತು. ಆಮೇಲೆ ಅವನು ಅದೇ ಹೊಟ್ಟಿನ ಮೇಲೆ ಹೊಸ ಮರಿ ಇಳಿಸಿದ, ಅವೂ ಸತ್ತವು. ತಮ್ಮನಿಂದ ಅಣ್ಣನಿಗೆ ಅಲ್ಲ, ಅಣ್ಣನಿಂದ ತಮ್ಮನಿಗೆ.

ನಾನು ಕೇಳಿದೆ, ಹೋಗಿದ್ದು ಹೇಗೆ, ಯಾರು ಒಯ್ದರು? ‘ಅದನ್ನ ನನ್ನ ಯಂತ್ರ ಹೇಳೂದಿಲ್ಲಜ್ಜಿ. ಇಲ್ಲಿಂದ ಅಲ್ಲಿಗೆ ಹೋತು ಅನ್ನೂದಷ್ಟ ಹೇಳತದ’ ಅಂದಳು ರೇಣು. ಹೇಳುವುದು ಬೇಕಿರಲಿಲ್ಲ. ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ರೊಟ್ಟಿ ತಾಟಿನಲ್ಲಿ ಬಿದ್ದಿತ್ತು. ನಿನ್ನ ಟೆಂಪೋ ಆಗ ಚಕ್ರ ಬಿಚ್ಚಿ ಗ್ಯಾರೇಜಿನಲ್ಲಿ ನಿಂತಿತ್ತು, ಹಬ್ಬಕ್ಕೆ ಅಂತ ಆಳುಗಳು ಊರಿಗೆ ಹೋಗಿದ್ದರು. ಆ ವಾರದಲ್ಲಿ ಯವತದಿಂದ ಬಾರಾಮತಿಗೆ ಹೋದವರು ಒಂದೇ ಗುಂಪಿನವರು. ಅಂದರೆ ನಾವು.

ದೀಪಾಲಿಗೆ ಇದನ್ನು ಬಿಡಿಸಿ ಹೇಳು, ಆಕೆ ಕಸಬಾ ಪೇಟೆಯ ಗಲ್ಲಿಯಲ್ಲಿ ಬೆಳೆದವಳು, ಚರಗ ಎಲ್ಲಿ ಕಂಡಿರಬೇಕು. ಎಳ್ಳ ಅಮಾವಾಸ್ಯೆಗೆ ಭೂತಾಯಿ ತುಂಬು ಬಸುರಿ, ಆಕೆಯ ಬಯಕೆ ತೀರಿಸಲು ಸಜ್ಜೆ ರೊಟ್ಟಿ, ಕಡಬು, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಒಂದೊಂದು ಚೂರು ಕಲಸಿ ಹೊಲದ ತುಂಬ ಚೆಲ್ಲುತ್ತೇವೆ ಅಂತ ಹೇಳು. ಪುಣೆಗೆ ಬಂದ ಮೇಲೂ ನಿಮ್ಮಪ್ಪ ಅದನ್ನು ಬಿಟ್ಟವರಲ್ಲ. ಚರಗ ಹೊತ್ತವರು ಬರಿಗಾಲಲ್ಲೇ ನಡೆಯಬೇಕು, ಒಂದು ಹೊಲ ಮುಗಿದು ಇನ್ನೊಂದು ಹೊಲ ಮುಗಿಯುವವರೆಗೂ ಕಾಲು ತೊಳೆಯಬಾರದು, ಇದು ಅವರ ಮನೆತನದ ನೇಮ. ಆ ದಿನ ಮೊದಲು ದೊಡ್ಡವನ ಯವತ. ‘ಹುಲಿಗ್ಯೋ’ ಅಂತ ಕೂಗುತ್ತ ಹೊಲ ಸುತ್ತಿ, ಕೋಳಿಗಳೂ ಭೂತಾಯಿಯ ಮಕ್ಕಳೇ ಅಂತ ಶೆಡ್ಡಿನೊಳಗೂ ಮೂಲೆ ಮೂಲೆಗೆ ಚರಗ ಚೆಲ್ಲಿದೆವು, ಹೊಟ್ಟಿನ ಮೇಲೆಲ್ಲ ಓಡಾಡಿದೆವು. ಅದೇ ಕಾಲಲ್ಲಿ ಜೀಪು ಹತ್ತಿ ನಿನ್ನಲ್ಲಿಗೆ ಬಂದೆವು. ನೀನು ಬಾಗಿಲಲ್ಲಿ ನಿಂತು, ಔಷಧದ ತಾಟು ತೋರಿಸಿ, ‘ಅಪ್ಪಾ, ಇದರಾಗ ಕಾಲ ಇಟ್ಟ ಒಳಗ ಬರ್ರಿ’ ಅಂದೆ. ನಿಮ್ಮಪ್ಪ ‘ಚರಗ ಹೊತ್ತ ಕಾಲು ಔಷಧದಾಗ ಅದ್ದತಾರೇನೋ?’ ಅಂದು, ತಮ್ಮ ಕೋಲಿನಿಂದ ಆ ತಾಟನ್ನು ಪಕ್ಕಕ್ಕೆ ಸರಿಸಿದರು. ನೀರು ಚೆಲ್ಲಿ ಮಣ್ಣಿಗೆ ಹೋಯಿತು. ‘ಅಪ್ಪಾ, ಮರಿ ಭಾಳ ಸಣ್ಣವು ಅದಾವರಿ’ ಅಂದೆ ನೀನು. ಅಷ್ಟೇ ಅಂದೆ. ಆಮೇಲೆ ದಾರಿ ಬಿಟ್ಟೆ. ಎಲ್ಲರೂ ಒಳಗೆ ಹೋದೆವು, ನಿಮ್ಮಪ್ಪ, ನಿಮ್ಮಣ್ಣ, ವೈನಿ, ರೇಣು, ನಾನು. ಹಳದಿ ಮರಿಗಳು ನಮ್ಮ ಕಾಲಿಗೆ ಅಡ್ಡಾಡುತ್ತಿದ್ದವು. ಹಬ್ಬದ ಸಂಭ್ರಮದಲ್ಲಿ ನಿನ್ನ ಮುಖವನ್ನು ಯಾರೂ ನೋಡಲಿಲ್ಲ.

ಒಂದು ಮಾತು ಕೇಳುತ್ತೇನೆ, ಅದಕ್ಕೊಂದೇ ಉತ್ತರ ಬರೆ. ನಿನಗೆ ಗೊತ್ತಿತ್ತಲ್ಲ? ರೇಣುವಿನ ಹಾಳೆ ನೋಡಿದ ದಿನದಿಂದ ನಾನು ಅದೊಂದನ್ನೇ ಯೋಚಿಸುತ್ತಿದ್ದೇನೆ. ನಡುಮನೆಯಲ್ಲಿ ನಿಮ್ಮಣ್ಣ ಕೂಗಿದಾಗ ನೀನು ಏನೋ ಹೇಳಲು ಬಾಯಿ ತೆರೆದೆ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ನೋಡಿದೆ. ನೀನು ಬಾಯಿ ತೆರೆದವನು ನಿಮ್ಮಪ್ಪನ ಕಡೆ ನೋಡಿದೆ. ಮುಖ ನೋಡಲಿಲ್ಲ, ಕಾಲು ನೋಡಿದೆ. ಕುರ್ಚಿಯ ಕೆಳಗೆ ಅವರ ಬರಿಗಾಲು ಇದ್ದವು. ನೋಡಿ ಬಾಯಿ ಮುಚ್ಚಿಕೊಂಡೆ. ತಪ್ಪು ಒಪ್ಪಿಕೊಂಡವನು ತಲೆ ತಗ್ಗಿಸಿದ ಅಂತ ನಾವೆಲ್ಲ ತಿಳಿದೆವು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನಿನ್ನ ಮುಖ ಓದಲು ನನಗೇ ಬರಲಿಲ್ಲವಲ್ಲ. ಕೋಲಿನಿಂದ ತಾಟು ಸರಿಸಿದ್ದು ಯಾರು ಅಂತ ನೀನು ಆಗ ಒಂದು ಮಾತು ಅಂದಿದ್ದರೆ ತಪ್ಪಿನ ಭಾರ ಹೋಗಿ ನಿಮ್ಮಪ್ಪನ ತಲೆಯ ಮೇಲೆ ಕೂರುತ್ತಿತ್ತು. ಅವರು ವರ್ಷವಿಡೀ ಕಾದು ಮಾಡುವ ಒಂದೇ ಒಂದು ಹಬ್ಬದ ಮೇಲೆ ಕೂರುತ್ತಿತ್ತು. ಅದು ಬೇಡ ಅಂತ ನೀನು ಹೊತ್ತುಕೊಂಡು ರಾಯಚೂರಿಗೆ ಹೋದೆ. ಹೌದೋ ಅಲ್ಲವೋ? ಹೌದಾದರೆ ನಿನಗೆ ಎರಡು ಏಟು ಹಾಕಬೇಕು ಅನಿಸುತ್ತದೆ, ಆಮೇಲೆ ನಿನ್ನನ್ನು ಮಡಿಲಲ್ಲಿ ಮಲಗಿಸಿಕೊಳ್ಳಬೇಕು ಅನಿಸುತ್ತದೆ. ಎರಡಕ್ಕೂ ನೀನು ಹತ್ತಿರ ಇಲ್ಲ.

ನಿಮ್ಮಪ್ಪನಿಗೆ ಲಕ್ವಾ ಹೊಡೆದು ಮಲಗಿದ್ದಾಗ ನೀನು ನೋಡಲು ಬಂದದ್ದು ನೆನಪಾಗುತ್ತದೆ. ನಮ್ಮ ಮನೆಗೆ ಯಾರು ಬಂದರೂ, ಕಡೆಗೆ ಅಂಗಡಿಯ ಹಮಾಲ ಬಂದರೂ, ಮೊದಲು ಕಾಲಿಗೆ ಒಂದು ತಂಬಿಗೆ ನೀರು ಕೊಡುತ್ತೇವೆ, ಆಮೇಲೆ ಮಾತು. ಆ ದಿನ ನೀನು ಬಾಗಿಲಲ್ಲಿ ನಿಂತೆ, ನಿನಗೆ ಯಾರೂ ನೀರು ತರಲಿಲ್ಲ. ವೈನಿ ನಿಮ್ಮಣ್ಣನ ಮುಖ ನೋಡಿದಳು, ನಿಮ್ಮಣ್ಣ ಕಿಟಕಿಯ ಕಡೆ ನೋಡಿದ. ನಾನು ತಂಬಿಗೆಗೆ ಕೈ ಹಾಕುವಷ್ಟರಲ್ಲಿ ನಿಮ್ಮಪ್ಪ ಗೋಡೆಯ ಕಡೆ ಮುಖ ಮಾಡಿದರು, ನನ್ನ ಕೈ ಅಲ್ಲೇ ನಿಂತುಹೋಯಿತು. ನೀನು ಕೆಳಗಿಳಿದು ಅಂಗಳದ ನಳದಲ್ಲಿ ನೀನೇ ಕಾಲು ತೊಳೆದುಕೊಂಡು ಹಾಗೇ ಬಸ್ ಸ್ಟ್ಯಾಂಡಿಗೆ ಹೋದೆ. ಆಮೇಲೆ ಬಂದದ್ದು ಅವರಿಗೆ ಮಣ್ಣು ಕೊಡಲು. ಈಗ ನನಗೆ ಸುಡುವುದು ಇದೇ. ರೇಣುವಿನ ಹಾಳೆ ಏಳೆಂಟು ವರ್ಷ ಮೊದಲೇ ಬಂದಿದ್ದರೆ! ಅವರು ಹಟಮಾರಿ ನಿಜ, ಅನ್ಯಾಯದವರಲ್ಲ. ತಿಳಿದಿದ್ದರೆ ಆ ನಡುಗುವ ಕೈಯಲ್ಲೇ ನಿನ್ನನ್ನು ಹತ್ತಿರ ಕರೆಯುತ್ತಿದ್ದರು. ಅವರ ಗದ್ದಿಗೆಯ ಮುಂದೆ ಕೂತು ಎಲ್ಲವನ್ನೂ ಹೇಳಿ ಬಂದೆ. ಹೇಳಿ ಏನು ಬಂತು? ಗದ್ದಿಗೆ ಹೂಂ ಅನ್ನುವುದಿಲ್ಲ.

ನಿಮ್ಮಣ್ಣನ ಬಗ್ಗೆ ಬರೆದು ಮುಗಿಸುತ್ತೇನೆ. ಅವನು ಆ ದಿನ ಊಟದಿಂದ ಅರ್ಧಕ್ಕೆ ಎದ್ದು ಹಾಳೆಯ ಮುಂದೆ ಕೂತ. ಯವತ, ಬಾರಾಮತಿ ಎರಡು ಹೆಸರಿನ ಮೇಲೂ ಬೆರಳಾಡಿಸಿದ. ರೇಣು ‘ಪಪ್ಪಾ, ಯಾರಿಗೂ ಗೊತ್ತಿರಲಿಲ್ಲ ಬಿಡ್ರಿ, ಆಗ ಇದನ್ನ ನೋಡೂ ಯಂತ್ರನs ಇರಲಿಲ್ಲ’ ಅಂತ ಸಮಾಧಾನ ಹೇಳಿದಳು. ಅವನು ಹೇಳಿದ್ದು ಒಂದೇ ಮಾತು: ‘ಯಂತ್ರ ಇರಲಿಲ್ಲ. ತಮ್ಮ ಇದ್ದನಲ್ಲ.’ ಆಮೇಲೆ ಅಂಗಡಿಗೆ ಹೋದವನು ಅಲ್ಲಿ ಗಿರಾಕಿಗಳ ಎದುರೇ ಅತ್ತನಂತೆ, ಪಕ್ಕದ ಅಡತಿಯ ಕೃಷ್ಣಾಜಿ ಬಂದು ಹೇಳಿದ. ನಿನಗೆ ಪತ್ರ ಬರೆ ಅಂತ ನಾನು ಅಂದೆ. ದಿನಾ ಸಂಜೆ ಪೆನ್ನು ಹಿಡಿದು ಕೂಡುತ್ತಾನೆ, ‘ತಮ್ಮಾ’ ಅಂತ ಬರೆಯುತ್ತಾನೆ, ಹರಿಯುತ್ತಾನೆ. ನೀನು ಅವನನ್ನು ಕ್ಷಮಿಸು ಅಂತ ನಾನು ಹೇಳುವುದಿಲ್ಲ. ನಿನ್ನ ಹರೆಯವೆಲ್ಲ ಹತ್ತಿಯ ಧೂಳಿಗೆ ಹೋಯಿತು, ಅದನ್ನು ಯಾವ ಹಾಳೆಯೂ ತಿರುಗಿ ಕೊಡುವುದಿಲ್ಲ. ಇಷ್ಟೇ ಹೇಳುತ್ತೇನೆ: ನಿನ್ನ ಮೇಲೆ ಇದ್ದ ಮಾತು ಸುಳ್ಳು ಅಂತ ಈ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತು. ಇಂಡಿಯ ನೆಂಟರಿಗೂ ನಾನೇ ಒಬ್ಬೊಬ್ಬರಿಗೆ ಫೋನು ಮಾಡಿ ಹೇಳಿದ್ದೇನೆ, ಯಾರನ್ನೂ ಬಿಟ್ಟಿಲ್ಲ. ಅವರಿಗೆ ಗುಂಬೋರೋ ತಿಳಿಯಲಿಲ್ಲ, ಮೂಗಿನ ಮಾತು ತಿಳಿಯಿತು.

ಈ ವರ್ಷದ ಎಳ್ಳ ಅಮಾವಾಸ್ಯೆ ಇಪ್ಪತ್ತನೇ ತಾರೀಖಿಗೆ ಬಂದಿದೆ. ಆ ವರ್ಷದ ನಂತರ ನಾವು ಚರಗ ಚೆಲ್ಲಿಲ್ಲ. ಯವತದ ಶೆಡ್ಡಿನಲ್ಲಿ ಈಗ ಬೆಲ್ಲದ ಪೆಟ್ಟಿಗೆಗಳಿವೆ, ಹೊಲ ಮಾತ್ರ ಹಾಗೇ ಇದೆ. ಬಾ ಅಂತ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ, ಬರದಿದ್ದರೂ ಕೋಪ ಮಾಡುವುದಿಲ್ಲ. ಆದರೆ ಸಜ್ಜೆ ಹಿಟ್ಟು ಬೀಸಿಸಿ ಇಟ್ಟಿದ್ದೇನೆ. ದೀಪಾಲಿಗೆ ನನ್ನ ಆಶೀರ್ವಾದ, ಮರಾಠಿಯಲ್ಲಿ ಹೇಳಬೇಕಾದ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿಕೊಳ್ಳಲು ಹೇಳು. ರೇಣು ಕಾಕಾನಿಗೆ ನಮಸ್ಕಾರ ತಿಳಿಸಿದ್ದಾಳೆ. ಕಷಾಯ ಮರೆಯಬೇಡ. ಭೂತಾಯಿ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಶಿವಬಸವ್ವ

ತಾ.ಕ.: ಇದನ್ನು ಮಡಚಿ ಪೋಸ್ಟಿಗೆ ಹಾಕಿಸಬೇಕು ಅಂತ ಇದ್ದೆ. ನಿಮ್ಮಣ್ಣ ಬಂದು ನನ್ನ ಕೈಯಿಂದ ತೆಗೆದುಕೊಂಡ. ಒಳಗೆ ಏನಿದೆ ಅಂತ ಕೇಳಲಿಲ್ಲ. ‘ನನ್ನ ಬಾಯಿಂದ ಬರೂದಿಲ್ಲವ್ವಾ. ಇದನ್ನ ನಾನs ಒಯ್ದ ಅವನ ಕೈಯಾಗ ಕೊಡತೀನಿ’ ಅನ್ನುತ್ತಿದ್ದಾನೆ. ಕೆಳಗೆ ರಿಕ್ಷಾ ನಿಂತಿದೆ, ರಾಯಚೂರಿನ ಗಾಡಿಗೆ ಹೊತ್ತಾಯಿತು, ನಿಂತೇ ಇದನ್ನು ಗೀಚುತ್ತಿದ್ದೇನೆ. ಅಂದರೆ ಇದನ್ನು ನಿನಗೆ ತಂದುಕೊಟ್ಟದ್ದು ಪೋಸ್ಟಮನ್ ಅಲ್ಲ. ನೀನು ಹೊಸ್ತಿಲಲ್ಲಿ ನಿಂತು ಇಷ್ಟನ್ನೂ ಓದುವವರೆಗೆ ಅವನು ಹೊರಗೇ ನಿಂತಿದ್ದಾನೆ, ನೀನು ಕರೆಯದೆ ಒಳಗೆ ಬರುವವನಲ್ಲ. ಸಾಕು, ಇನ್ನು ತಲೆ ಎತ್ತು ರಾಜಾ. ಅವನ ಕಾಲಿಗೆ ನೀರು ಕೊಡು.